ಫಿಲ್ಮು ಎಲ್ಲಿ ಸಿಕ್ಕಿಬಿತ್ತು? ಹಳೆಯ ಮೂವಿ ಕ್ಯಾಮೆರಾಕ್ಕೆ ರೀಲು ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಸೋದರಮಾವನ ಮನೆ. ಅಲ್ಲಿಯ ಅಟ್ಟದಲ್ಲಿ ಅಡಕೆ ಗೋಣಿಗಳ ಹಿಂದೆ ಒಂದು ಚರ್ಮದ ಪೆಟ್ಟಿಗೆ ಇತ್ತು, ಪೆಟ್ಟಿಗೆಯಲ್ಲಿ ಬೋಲೆಕ್ಸ್ ಎಚ್16 ಎಂಬ 16 ಮಿ.ಮೀ. ಮೂವಿ ಕ್ಯಾಮೆರಾ. ಚಾವಿ ಕೊಟ್ಟು ಗುಂಡಿ ಒತ್ತಿದರೆ ಓಡಿತು. ಓಡುತ್ತದಲ್ಲ ಎಂಬ ಧೈರ್ಯದಲ್ಲಿ 100 ಅಡಿಯ ಹೊಸ ಫಿಲ್ಮು ತರಿಸಿ, ತೋಟದಲ್ಲಿ ಅಡಕೆ ಕೊನೆ ತೆಗೆಯುವುದನ್ನು ಹಿಡಿದೆ. ಒಂದು ಅಡಕೆ ಮರದ ತಲೆಯಿಂದ ಪಕ್ಕದ ಮರಕ್ಕೆ ತೂಗಿ ದಾಟುವವರು ನಮ್ಮ ಊರಲ್ಲಿ ಈಗ ಬೆರಳೆಣಿಕೆಯಷ್ಟು ಮಂದಿ. ಲ್ಯಾಬಿನಿಂದ ಬಂದ ಸ್ಕ್ಯಾನ್ ತೆರೆದು ನೋಡಿದರೆ ಮರಗಳೆಲ್ಲ ಮರಗಳಂತೆಯೇ ನೆಟ್ಟಗೆ ಇದ್ದವು. ಮರದ ಮೇಲಿದ್ದ ಮನುಷ್ಯ ಮಾತ್ರ ಮೇಲಿಂದ ಕೆಳಗೆ ಎಳೆದ ಒಂದು ಬಿಳಿ ಗೀರು.

ಲೂಪು, ಅಂದರೆ ಕ್ಯಾಮೆರಾದೊಳಗೆ ಫಿಲ್ಮಿಗೆ ಬಿಡುವ ಸಡಿಲ ಬಾಗು, ಹೋಗಿತ್ತು. ಮೊದಲ ಕೆಲವು ಅಡಿಗಳಲ್ಲೇ ಹೋಗಿರಬೇಕು. ಕ್ಯಾಮೆರಾದ ಸದ್ದು ಬದಲಾದದ್ದು ನನಗೆ ನೆನಪಿದೆ, ಅದರ ಅರ್ಥ ಆಗ ಗೊತ್ತಿರಲಿಲ್ಲ. ಅಂದಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಅಟ್ಟಗಳಲ್ಲಿ, ಕಪಾಟುಗಳಲ್ಲಿ ಇಂಥ ಕ್ಯಾಮೆರಾಗಳು ಇನ್ನೂ ಉಂಟು. ಅವು ಕೆಟ್ಟಿವೆ ಎಂದು ಗುಜರಿಗೆ ಕೊಡುವ ಮೊದಲು ಇದನ್ನೊಮ್ಮೆ ಓದಿ. ಹೆಚ್ಚಿನ ಸಲ ಕೆಟ್ಟಿರುವುದು ಕ್ಯಾಮೆರಾ ಅಲ್ಲ, ಫಿಲ್ಮು ಹಾಕಿದ ಕ್ರಮ.

ಮೊದಲು ಒಳಗೆ ಏನು ನಡೆಯುತ್ತದೆ ನೋಡಿ

ಮುಚ್ಚಳ ತೆಗೆದು, ಫಿಲ್ಮಿಲ್ಲದೆ, ಕಡಿಮೆ ವೇಗದಲ್ಲಿ ಓಡಿಸಿ. ಫಿಲ್ಮಿಲ್ಲದಾಗ ಅತಿ ವೇಗದಲ್ಲಿ ಓಡಿಸಲೇಬೇಡಿ, ಗೇರುಗಳಿಗೆ ಪೆಟ್ಟು. ಹಲ್ಲಿರುವ ಎರಡು ಚಕ್ರಗಳು ಕಾಣುತ್ತವೆ, ಅವು ಸ್ಪ್ರಾಕೆಟ್. ಅವು ಎಲ್ಲೂ ನಿಲ್ಲದೆ ಒಂದೇ ಸಮ ತಿರುಗುತ್ತವೆ. ಇನ್ನು ಲೆನ್ಸಿನ ಹಿಂದಿರುವ ಗೇಟನ್ನು, ಅಂದರೆ ಫಿಲ್ಮಿಗೆ ಬೆಳಕು ಬೀಳುವ ಕಿಂಡಿಯನ್ನು ನೋಡಿ. ಅಲ್ಲಿ ಸಣ್ಣ ಉಗುರಿನಂಥ ಒಂದು ಕೊಕ್ಕೆ ಹೊರಗೆ ಬಂದು, ಕೆಳಗೆ ಇಳಿದು, ಒಳಗೆ ಸರಿದು, ಮತ್ತೆ ಮೇಲೆ ಹೋಗುತ್ತದೆ. 24ರ ವೇಗದಲ್ಲಿ ಸೆಕೆಂಡಿಗೆ 24 ಸಲ ಇದೇ ಆಟ. ಕೊಕ್ಕೆ ಫಿಲ್ಮಿನ ತೂತಿಗೆ ಹೊಕ್ಕು ಒಂದು ಫ್ರೇಮಿನಷ್ಟು ಎಳೆಯುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಫಿಲ್ಮು ಆ ಕ್ಷಣ ಕದಲದೆ ನಿಲ್ಲಬೇಕು, ಆಗಲೇ ಷಟರ್ ತೆರೆದು ಬೆಳಕು ಬೀಳುವುದು.

ಅಂದರೆ ಒಂದೇ ಫಿಲ್ಮು ಸ್ಪ್ರಾಕೆಟ್ಟಿನ ಹತ್ತಿರ ನಿಲ್ಲದೆ ಓಡಬೇಕು, ಗೇಟಿನಲ್ಲಿ ನಿಂತು ನಿಂತು ಚಲಿಸಬೇಕು. ಈ ಎರಡರ ನಡುವೆ ಜಗಳ ಆಗದಂತೆ ಗೇಟಿನ ಮೇಲೊಂದು, ಕೆಳಗೊಂದು ಸಡಿಲವಾದ ಬಾಗು ಬಿಟ್ಟಿರುತ್ತಾರೆ. ಅದೇ ಲೂಪು. ದನ ಕಟ್ಟುವಾಗ ಕೊರಳಿಗೂ ಗೂಟಕ್ಕೂ ನಡುವೆ ಹಗ್ಗ ಸಡಿಲ ಬಿಡುತ್ತೇವಲ್ಲ, ಹಾಗೆ. ಲೂಪು ಮುಗಿದರೆ ಸ್ಪ್ರಾಕೆಟ್ ಫಿಲ್ಮನ್ನು ಗೇಟಿನ ಮೂಲಕ ನೇರ ಎಳೆದುಕೊಂಡು ಹೋಗುತ್ತದೆ. ಷಟರ್ ತೆರೆದಾಗಲೂ ಫಿಲ್ಮು ಓಡುತ್ತಿರುವುದರಿಂದ ಚಿತ್ರ ಮೇಲೆ ಕೆಳಗೆ ಕಲಸಿಹೋಗುತ್ತದೆ. ನನ್ನ ಅಡಕೆ ಮರಗಳು ಸರಿಯಾಗಿ ಕಂಡದ್ದು ಅವು ಉದ್ದಕ್ಕೆ ನಿಂತಿದ್ದುದರಿಂದ ಅಷ್ಟೆ.

ಇದಿಷ್ಟು ಮನಸ್ಸಿನಲ್ಲಿ ಕೂತರೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ನೀವೇ ಪತ್ತೆ ಹಚ್ಚುತ್ತೀರಿ.

ಕ್ಯಾಮೆರಾ ಯಾವುದು, ಫಿಲ್ಮು ಯಾವುದು

ಮನೆಯಲ್ಲಿ ಸಿಗುವ ಕ್ಯಾಮೆರಾ ಸಾಮಾನ್ಯವಾಗಿ ಮೂರರಲ್ಲಿ ಒಂದು. 16 ಮಿ.ಮೀ. ಫಿಲ್ಮನ್ನು ಕೊಡಾಕ್ 1923ರಲ್ಲಿ ತಂದಿತು, ಡಬಲ್ 8 ಬಂದದ್ದು 1932ರಲ್ಲಿ, ಸೂಪರ್ 8 ಕಾರ್ಟ್ರಿಜ್ (ಫಿಲ್ಮು ತುಂಬಿ ಮುಚ್ಚಿದ ಡಬ್ಬಿ) 1965ರಲ್ಲಿ. ಡಬಲ್ 8ರ ಫಿಲ್ಮೂ ಅಗಲದಲ್ಲಿ 16 ಮಿ.ಮೀ. ಇರುತ್ತದೆ. ಮೊದಲು ಅರ್ಧ ಅಗಲಕ್ಕೆ, ಫಿಲ್ಮು ಸುತ್ತಿದ ಸ್ಪೂಲು ಮಗುಚಿ ಹಾಕಿ ಉಳಿದರ್ಧಕ್ಕೆ ಚಿತ್ರ ಹಿಡಿಯುತ್ತಾರೆ. ಲ್ಯಾಬಿನವರು ಆಮೇಲೆ ನಡುವೆ ಸೀಳಿ ಜೋಡಿಸುತ್ತಾರೆ. 25 ಅಡಿ ಹೀಗೆ 50 ಅಡಿ ಆಗುತ್ತದೆ.

ಅಗಲ ಒಂದೇ ಎಂದು 16ರ ಫಿಲ್ಮನ್ನು ಡಬಲ್ 8 ಕ್ಯಾಮೆರಾಕ್ಕೆ ಸುತ್ತಿ ಹಾಕಿದವರನ್ನು ನೋಡಿದ್ದೇನೆ. ಅದು ನಡೆಯುವುದಿಲ್ಲ. 16ರಲ್ಲಿ ತೂತಿನಿಂದ ತೂತಿಗೆ ಸುಮಾರು 7.6 ಮಿ.ಮೀ. ಅಂತರ, ಡಬಲ್ 8ರಲ್ಲಿ ಅದರ ಅರ್ಧ. ಒಂದು ಬಿಟ್ಟು ಒಂದು ಸಲ ಕೊಕ್ಕೆ ತೂತಿಲ್ಲದ ಕಡೆ ಕುಕ್ಕುತ್ತದೆ, ಫಿಲ್ಮು ಹರಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿದರೆ ಸಾಕು, ಮತ್ತೆ ತಪ್ಪುವುದಿಲ್ಲ.

16ರಲ್ಲಿ ಇನ್ನೊಂದು ಬಲೆ ಉಂಟು. ಈಗ ಸಿಗುವ ಹೆಚ್ಚಿನ 16 ಮಿ.ಮೀ. ಫಿಲ್ಮಿಗೆ ಒಂದೇ ಬದಿಯಲ್ಲಿ ತೂತು. 1950ರ ದಶಕಕ್ಕಿಂತ ಹಿಂದಿನ ಬೋಲೆಕ್ಸ್‌ಗಳ ಸ್ಪ್ರಾಕೆಟ್ಟಿನಲ್ಲಿ ಎರಡೂ ಬದಿಗೆ ಹಲ್ಲು. ಅಂಥದಕ್ಕೆ ಎರಡೂ ಬದಿ ತೂತಿರುವ ಫಿಲ್ಮೇ ಬೇಕು, ಇಲ್ಲವಾದರೆ ಹಲ್ಲುಗಳು ತೂತಿಲ್ಲದ ಅಂಚನ್ನು ಕಚ್ಚಿ ಹಾಕುತ್ತವೆ. ದುಡ್ಡು ಕೊಡುವ ಮೊದಲು ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ ನೋಡಿ.

ಗೇಟು ಸ್ವಚ್ಛ ಮಾಡುವುದು

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು, ಅಟ್ಟದ ಕ್ಯಾಮೆರಾವನ್ನು ಬಿಡುತ್ತದೆಯೇ? ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಹುಡಿ ಬೇರೆ. ಇವೆರಡರ ಜೊತೆಗೆ ಹಳೆಯ ಫಿಲ್ಮಿನಿಂದ ಉದುರಿದ ಎಮಲ್ಷನ್ (ಚಿತ್ರ ಮೂಡುವ ಲೇಪ) ಗೇಟಿನಲ್ಲಿ ಗಟ್ಟಿ ಕಟ್ಟಿರುತ್ತದೆ. ಕಪ್ಪಗೆ, ಒಣಗಿದ ಅಂಟಿನ ಹಾಗೆ. ಫಿಲ್ಮು ಅಲ್ಲಿ ತಡೆದರೆ ಮೇಲಿನ ಲೂಪು ಉಬ್ಬುತ್ತದೆ, ಕೆಳಗಿನದು ಮುಗಿಯುತ್ತದೆ. ಫಿಲ್ಮಿನ ಉದ್ದಕ್ಕೂ ಗೀರು ಬೀಳುವುದೂ ಇದರಿಂದಲೇ.

ಲೋಹದ ಯಾವುದನ್ನೂ ಗೇಟಿಗೆ ತಾಗಿಸಬೇಡಿ, ಸೂಜಿಯನ್ನಂತೂ ಬೇಡವೇ ಬೇಡ. ನಾನು ಬಳಸುವುದು ತೆಂಗಿನ ಗರಿಯ ಕಡ್ಡಿ. ಹಿಡಿಸೂಡಿಯಿಂದ ಎಳೆದದ್ದಲ್ಲ, ಅದರಲ್ಲಿ ನೆಲದ ಮರಳು ಇರುತ್ತದೆ. ಗರಿಯಿಂದ ಹೊಸದಾಗಿ ಸೀಳಿ, ತೊಳೆದು ಒಣಗಿಸಿ, ತುದಿಯನ್ನು ಓರೆಯಾಗಿ ಕೊಯ್ದದ್ದು. ತುದಿಗೆ ಐಸೊಪ್ರೊಪಿಲ್ ಆಲ್ಕೊಹಾಲ್ ಒಂದು ಹನಿ ತಾಗಿಸಿ, ಗಟ್ಟಿಯಾದ ಕಡೆ ಒಂದು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಮೆಲ್ಲನೆ ಸರಿಸಿ. ಕೆರೆಯಬಾರದು. ಪ್ರೆಶರ್ ಪ್ಲೇಟ್ ಎಂದರೆ ಫಿಲ್ಮನ್ನು ಹಿಂದಿನಿಂದ ಗೇಟಿಗೆ ಒತ್ತಿ ಹಿಡಿಯುವ ಪಟ್ಟಿ. ಅದನ್ನೂ ಹೀಗೆಯೇ ಒರೆಸಿ, ಬೆರಳಿನಿಂದ ಒತ್ತಿ ಬಿಟ್ಟರೆ ಪುಟಿದು ಹಿಂದೆ ಬರುತ್ತದೆಯೇ ನೋಡಿ. ಕೊನೆಗೆ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹತ್ತಿ ಬೇಡ, ಅದರ ಒಂದು ಎಳೆ ಗೇಟಿನ ಅಂಚಿಗೆ ಸಿಕ್ಕಿಕೊಂಡರೆ ಇಡೀ ರೀಲಿನಲ್ಲಿ ಕೂದಲಿನಂತೆ ಕುಣಿಯುತ್ತದೆ.

ಎಣ್ಣೆ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಡಬೇಡಿ. ಹೊಲಿಗೆ ಯಂತ್ರದ ಎಣ್ಣೆ ಹೆಚ್ಚಾಗಿ ಹೋಗಿ ನಿಲ್ಲುವುದು ಫಿಲ್ಮಿನ ಮೇಲೆ. ಒಳಗಿನ ಗ್ರೀಸು ಗಟ್ಟಿಯಾಗಿ ಮೋಟಾರು ಎಳೆಯದಿದ್ದರೆ ಅದು ರಿಪೇರಿ ಬಲ್ಲವರ ಕೆಲಸ. ಸ್ಪ್ರಿಂಗಿನ ಡಬ್ಬಿಯನ್ನು ಮನೆಯಲ್ಲಿ ಬಿಚ್ಚುವುದು ಅಪಾಯ, ಸುತ್ತಿದ ಸ್ಪ್ರಿಂಗು ಸಿಡಿದರೆ ಕೈ ಕತ್ತರಿಸುತ್ತದೆ.

ಡಮ್ಮಿ ಫಿಲ್ಮಿನಲ್ಲಿ ಅಭ್ಯಾಸ

ಹೊಸ ಫಿಲ್ಮಿನಿಂದ ಕಲಿಯಲು ಹೋಗಬೇಡಿ. ಅವಧಿ ಮುಗಿದ, ಖಾಲಿ ಎಂದು ಖಚಿತವಾದ 15-20 ಅಡಿ ಫಿಲ್ಮನ್ನು ಇದಕ್ಕೆಂದೇ ಎತ್ತಿಡಿ. ಒಳಗೆ ಚಿತ್ರ ಉಂಟೋ ಇಲ್ಲವೋ ತಿಳಿಯದ ಹಳೆಯ ರೀಲನ್ನು ಮಾತ್ರ ಮುಟ್ಟಬೇಡಿ, ಅಜ್ಜನ ಮದುವೆ ಅದರಲ್ಲಿರಬಹುದು. ರೀಲಿನ ಮೇಲೆ ಕೊಡಾಕ್ರೋಮ್ (ಕೊಡಾಕಿನ ಹಳೆಯ ಬಣ್ಣದ ಫಿಲ್ಮು) ಎಂದಿದ್ದರೆ ಅದನ್ನು ಬಣ್ಣದಲ್ಲಿ ತೊಳೆಯುವ ಕೆಲಸ 2010ರ ಕೊನೆಗೇ ನಿಂತಿದೆ. ಆದರೆ ಕಪ್ಪು ಬಿಳುಪಾಗಿ ಚಿತ್ರ ಎಬ್ಬಿಸಿಕೊಡುವವರು ಇದ್ದಾರೆ. ಹಾಗಾಗಿ ಎಸೆಯಲೂ ಬೇಡಿ.

ಡಮ್ಮಿಯನ್ನು ಮುಚ್ಚಳ ತೆಗೆದಿಟ್ಟೇ ಹಗಲು ಬೆಳಕಿನಲ್ಲಿ ಹತ್ತು ಸಲ ಹಾಕಿ. ಆಮೇಲೆ ಕಣ್ಣು ಮುಚ್ಚಿ ಐದು ಸಲ. ಕಣ್ಣು ಮುಚ್ಚಿ ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಬೋಲೆಕ್ಸ್‌ಗೆ ಫಿಲ್ಮು ಹಾಕುವ ಕ್ರಮ

ಜಾಗ ಮೊದಲು. ಅಂಗಳ ಬೇಡ, ಜಗಲಿಯೂ ಬೇಡ, ಚಾವಡಿಯ ಒಳಮೂಲೆ ಆಗಬಹುದು. ಡೇಲೈಟ್ ಸ್ಪೂಲು ಎಂಬ ಹೆಸರು ನಂಬಿ ಬಿಸಿಲಿನಲ್ಲಿ ಬಿಚ್ಚಿದರೆ ಅಂಚುಗಳಲ್ಲಿ ಕಿತ್ತಳೆ ಬಣ್ಣದ ಬೆಳಕು ಹರಿದಿರುತ್ತದೆ. ಫಿಲ್ಮು ಫ್ರಿಜ್ಜಿನಲ್ಲಿದ್ದರೆ ಕನಿಷ್ಠ ಮೂರು ಗಂಟೆ ಮೊದಲು ಹೊರಗಿಟ್ಟು, ಡಬ್ಬಿ ತೆರೆಯದೆ ಕಾಯಿರಿ. ನಮ್ಮ ಹವೆಯಲ್ಲಿ ತಣ್ಣಗಿನ ಫಿಲ್ಮಿನ ಮೇಲೆ ತಕ್ಷಣ ನೀರು ಕೂರುತ್ತದೆ, ಎಮಲ್ಷನ್ ಅಂಟಾಗುತ್ತದೆ, ಗೇಟಿನಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ರೀಲು ಜಾಮ್ ಆಯಿತು ಎಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಫ್ರಿಜ್ಜಿನಿಂದ ತೆಗೆದು ಎಷ್ಟು ಹೊತ್ತು ಕಾದಿರಿ ಎಂದು.

1. ಸ್ಪ್ರಿಂಗಿಗೆ ಅರ್ಧ ಚಾವಿ ಕೊಡಿ, ವೇಗವನ್ನು 16ಕ್ಕೆ ಇಡಿ.

2. ಎರಡೂ ಸ್ಪೂಲುಗಳ ತಟ್ಟೆ ಬಾಗಿಲ್ಲವೆಂದು ನೋಡಿ. ಖಾಲಿ ಸ್ಪೂಲನ್ನು ಅಂಗೈಗಳ ನಡುವೆ ತಿರುಗಿಸಿದರೆ ಓಲಾಡುವುದು ಕಾಣುತ್ತದೆ. ಬಾಗಿದ್ದರೆ ಫಿಲ್ಮು ಉಜ್ಜುತ್ತದೆ, ಬೆಳಕೂ ನುಗ್ಗುತ್ತದೆ.

3. ಲೂಪ್ ಫಾರ್ಮರ್ ಎನ್ನುವ ಬಾಗಿದ ಎರಡು ತಗಡುಗಳಿವೆಯಲ್ಲ, ಅವನ್ನು ಕಡ್ಡಿ ಒತ್ತಿ ಮುಚ್ಚಿ. ಕ್ಲಿಕ್ ಎನ್ನಬೇಕು.

4. ಫಿಲ್ಮಿನ ತುದಿಯನ್ನು ಕ್ಯಾಮೆರಾದೊಳಗೇ ಇರುವ ಕತ್ತರಿಯಲ್ಲಿ ಕೊಯ್ಯಿರಿ. ಕೈಕತ್ತರಿ ಬೇಡ.

5. ತೂತಿನ ಬದಿ ಸ್ಪ್ರಾಕೆಟ್ಟಿನ ಹಲ್ಲಿನ ಬದಿಗೆ, ಎಮಲ್ಷನ್ ಇರುವ ಮಂಕು ಮುಖ ಲೆನ್ಸಿನ ಕಡೆಗೆ. ಗುಂಡಿ ಒತ್ತಿ ಮೋಟಾರು ಓಡುತ್ತಿರುವಾಗ ತುದಿಯನ್ನು ಮೇಲಿನ ಸ್ಪ್ರಾಕೆಟ್ಟಿಗೆ ಕೊಡಿ. ಹಲ್ಲು ಕಚ್ಚಿದ ಕೂಡಲೇ ಕೈ ಬಿಡಿ. ಅದು ತಾನೇ ಸುತ್ತಿ ಬಂದು ಕೆಳಗಿನ ಸ್ಪ್ರಾಕೆಟ್ಟಿನಿಂದ ಹೊರಬೀಳುತ್ತದೆ.

6. ಒಂದೂವರೆ ಗೇಣು ಹೊರಬರಲಿ. ತುದಿಯನ್ನು ಖಾಲಿ ಸ್ಪೂಲಿನ ಸೀಳಿಗೆ ತೂರಿಸಿ, ಎರಡು ಸುತ್ತು ಸುತ್ತಿ, ಸ್ಪೂಲು ತಿರುಗಿಸುವ ಕಡ್ಡಿಗೆ ಕೂರಿಸಿ, ಸಡಿಲ ಇದ್ದದ್ದನ್ನು ಎಳೆದುಕೊಳ್ಳಿ.

7. ಈಗ ಲೂಪ್ ಫಾರ್ಮರ್ ತೆರೆಯಿರಿ. ಕೆಲವು ಮಾಡೆಲುಗಳಲ್ಲಿ ಮುಚ್ಚಳ ಹಾಕಿದರೆ ತಾನೇ ತೆರೆದುಕೊಳ್ಳುತ್ತದೆ, ಆದರೂ ನಾನು ಕೈಯಿಂದಲೇ ತೆರೆದು ಕಣ್ಣಾರೆ ನೋಡುತ್ತೇನೆ. ಐದು ಸೆಕೆಂಡು ಓಡಿಸಿ. ಎರಡೂ ಲೂಪು ಸಣ್ಣಗೆ ನಡುಗುತ್ತಾ ಒಂದೇ ಆಕಾರದಲ್ಲಿ ನಿಲ್ಲಬೇಕು. ತಗಡಿಗೂ ತಾಗಬಾರದು, ಗೋಡೆಗೂ ತಾಗಬಾರದು.

ಮುಚ್ಚಳ ಹಾಕಿ, ಕೌಂಟರ್ ಸೊನ್ನೆಗೆ ಬರುವವರೆಗೆ ಓಡಿಸಿ. ಬೆಳಕು ಕಂಡ ಫಿಲ್ಮೆಲ್ಲ ಅಷ್ಟರಲ್ಲಿ ದಾಟಿರುತ್ತದೆ. ಓಡುವಾಗ ಕಿವಿಯನ್ನು ಕ್ಯಾಮೆರಾಕ್ಕೆ ಹಚ್ಚಿ ಆ ಸದ್ದನ್ನು ನೆನಪಿಟ್ಟುಕೊಳ್ಳಿ. ಸರಿ ಇರುವಾಗಿನ ಸದ್ದು ಗೊತ್ತಿದ್ದರೆ ಮಾತ್ರ ಕೆಟ್ಟಾಗಿನದು ತಿಳಿಯುವುದು.

ತೊಂದರೆ ಎಲ್ಲಿ ಉಂಟು

ಹಿಂದೆ ಕಾಸರಗೋಡು ಪೇಟೆಯಲ್ಲಿ ಮದುವೆ ಮೂವಿ ತೆಗೆಯುತ್ತಿದ್ದ ಹಿರಿಯರೊಬ್ಬರ ಹತ್ತಿರ ನನ್ನ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದೆ. ಸಿಕ್ಕಿದ ಫಿಲ್ಮನ್ನು ನಾನು ಎಳೆಯಲು ಹೊರಟಾಗ ಅವರು ಕೈ ಹಿಡಿದರು. "ಎಳೀಬೇಡ ಮಾರಾಯ. ಮೊದಲು ಅದು ಎಲ್ಲಿ ರಾಶಿ ಬಿದ್ದಿದೆ ನೋಡು. ರಾಶಿ ಬಿದ್ದದ್ದರ ಮುಂದಿನ ಜಾಗದಲ್ಲೇ ತೊಂದರೆ ಇರ್ತದೆ" ಎಂದರು. ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ತುದಿ ಮೇಲಿನ ಸ್ಪ್ರಾಕೆಟ್ಟಿಗೇ ಹೊಗುವುದಿಲ್ಲ ಎಂದಾದರೆ ಕೊಯ್ದದ್ದು ಓರೆಯಾಗಿದೆ, ಇಲ್ಲವೇ ತುದಿ ಸುರುಳಿಯಾಗಿದೆ. ಇನ್ನೊಮ್ಮೆ ಕೊಯ್ದು, ಸುರುಳಿಗೆ ಎದುರಾಗಿ ಬೆರಳಿನಿಂದ ಮೆಲ್ಲಗೆ ಬಾಗಿಸಿ ನೇರ ಮಾಡಿ.

ಮೇಲಿನ ಸ್ಪ್ರಾಕೆಟ್ಟಿಗೂ ಗೇಟಿಗೂ ನಡುವೆ ಫಿಲ್ಮು ಮಡಚಿ ಹೊರಚೆಲ್ಲಿದರೆ ಲೂಪ್ ಫಾರ್ಮರ್ ಸರಿಯಾಗಿ ಮುಚ್ಚಿರಲಿಲ್ಲ, ಅಥವಾ ಗೇಟು ಕೊಳೆ. ಮಡಚಿದ ಭಾಗವನ್ನು ಮತ್ತೆ ತೂರಿಸಬೇಡಿ. ಮಡಿಕೆ ಬಿದ್ದಲ್ಲಿ ತೂತು ಸೀಳಿರುತ್ತದೆ, ಸೀಳಿದ ತೂತು ಕೊಕ್ಕೆಗೆ ಸಿಗುವುದಿಲ್ಲ. ಅರ್ಧ ಅಡಿ ಹೋದರೆ ಹೋಗಲಿ, ಕೊಯ್ದು ಹೊಸದಾಗಿ ಹಾಕಿ.

ಕೆಳಗಿನ ಸ್ಪ್ರಾಕೆಟ್ಟಿನ ಆಚೆ ಸೇವಿಗೆಯಂತೆ ರಾಶಿ ಬಿದ್ದರೆ ಗೇಟಿನಲ್ಲೇನೂ ದೋಷವಿಲ್ಲ, ಖಾಲಿ ಸ್ಪೂಲು ಸುತ್ತಿಕೊಳ್ಳುತ್ತಿಲ್ಲ. ತುದಿ ಸೀಳಿನಿಂದ ಜಾರಿರಬೇಕು, ಅಥವಾ ಸ್ಪೂಲು ಕಡ್ಡಿಯ ಬುಡದವರೆಗೆ ಕೂತಿಲ್ಲ. ಆರನೇ ಹೆಜ್ಜೆಯಲ್ಲಿ ಎರಡು ಸುತ್ತು ಎಂದದ್ದು ಇದಕ್ಕೇ. ಎಲ್ಲ ಸರಿ ಇದ್ದೂ ಸುತ್ತದಿದ್ದರೆ ಕಡ್ಡಿಯನ್ನು ಬೆರಳಿನಿಂದ ಹಿಡಿದು ಮೋಟಾರು ಓಡಿಸಿ, ಎಳೆತ ತಿಳಿಯಬೇಕು. ತಿಳಿಯದಿದ್ದರೆ ರಿಪೇರಿಯವರಿಗೆ ತೋರಿಸಿ.

ಓಡುತ್ತಿರುವಾಗ ನಯವಾದ ಗುರುಗುರು ಹೋಗಿ ಟರಟರ ಎಂಬ ಒರಟು ಸದ್ದು ಬಂತೆಂದರೆ ಲೂಪು ಹೋಯಿತು, ಅಥವಾ ಕೊಕ್ಕೆಗೆ ತೂತು ಸಿಗುತ್ತಿಲ್ಲ. ತಕ್ಷಣ ನಿಲ್ಲಿಸಿ. "ಇನ್ನೊಂದು ಶಾಟ್ ಮಾತ್ರ" ಎಂದು ಮುಂದುವರಿಸಿದರೆ ಉಳಿದ ಫಿಲ್ಮೂ ಹಾಳು.

ತೂತುಗಳು ಸಾಲಾಗಿ ಹರಿಯುತ್ತಿದ್ದರೆ ಫಿಲ್ಮಿನ ವಾಸನೆ ನೋಡಿ. ಹುಳಿ ವಿನೆಗರಿನ ವಾಸನೆ ಬಂದರೆ ಫಿಲ್ಮಿನ ತಳವಾದ ಅಸಿಟೇಟ್ ಕೊಳೆತು ಫಿಲ್ಮು ಕುಗ್ಗಿದೆ. ತೂತಿನ ಅಂತರ ಸ್ಪ್ರಾಕೆಟ್ಟಿನ ಹಲ್ಲಿಗೆ ಇನ್ನು ಹೊಂದದು. ಅಂಥದನ್ನು ಯಾವ ಕ್ಯಾಮೆರಾಕ್ಕೂ ಹಾಕಬೇಡಿ, ಬೇರೆ ಫಿಲ್ಮಿನ ಜೊತೆ ಡಬ್ಬಿಯಲ್ಲೂ ಇಡಬೇಡಿ.

ಅರ್ಧ ರೀಲಿನಲ್ಲಿ ಸಿಕ್ಕಿಬಿದ್ದರೆ

ಮುಚ್ಚಳ ತೆಗೆಯಬೇಡಿ. ಚೇಂಜಿಂಗ್ ಬ್ಯಾಗ್ (ಬೆಳಕು ಹೊಗದಂತೆ ಕೈ ತೂರಿಸುವ ಕಪ್ಪು ಚೀಲ) ಇದ್ದರೆ ಕ್ಯಾಮೆರಾವನ್ನು ಅದರೊಳಗೆ ಇಟ್ಟು ಕೈ ಹಾಕಿ. ಇಲ್ಲದಿದ್ದರೆ ರಾತ್ರಿವರೆಗೆ ಕಾಯಿರಿ. ನಮ್ಮ ಹಳೆಯ ಮನೆಗಳಲ್ಲಿ ಭತ್ತ, ತೆಂಗಿನಕಾಯಿ ತುಂಬಿಡುವ ಕಿಟಕಿ ಇಲ್ಲದ ಕೋಣೆಗಳಿವೆಯಲ್ಲ, ರಾತ್ರಿ ಬಾಗಿಲ ಸಂದಿಗೆ ಕಂಬಳಿ ತುರುಕಿದರೆ ಅದಕ್ಕಿಂತ ಒಳ್ಳೆಯ ಡಾರ್ಕ್ ರೂಮ್ ಬೇಡ. ಮೊಬೈಲು ಹೊರಗೆ ಇರಲಿ, ರೇಡಿಯಂ ಮುಳ್ಳಿನ ವಾಚೂ. ಹತ್ತು ನಿಮಿಷ ಸುಮ್ಮನೆ ಕೂತು, ಎಲ್ಲಿಂದಲೂ ಬೆಳಕು ಕಾಣುವುದಿಲ್ಲ ಎಂದು ಖಾತ್ರಿಯಾದ ಮೇಲೆ ತೆರೆಯಿರಿ.

ಈಗ ಬೆರಳುಗಳೇ ಕಣ್ಣು. ಮೇಲಿನ ಸ್ಪೂಲಿನಿಂದ ಶುರು ಮಾಡಿ ಫಿಲ್ಮಿನ ಅಂಚು ಹಿಡಿದು ಕೆಳಗೆ ಬನ್ನಿ. ಮೇಲಿನ ಸ್ಪ್ರಾಕೆಟ್, ಲೂಪು, ಗೇಟು, ಕೆಳಗಿನ ಲೂಪು. ಲೂಪು ಇರಬೇಕಾದ ಕಡೆ ತಂತಿಯಂತೆ ಬಿಗಿಯಾಗಿದ್ದರೆ ಅಥವಾ ರಾಶಿ ಬಿದ್ದಿದ್ದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಸುಕ್ಕಾದ ಭಾಗದ ಆಚೀಚೆ ಕೊಯ್ಯಿರಿ. ಚಿತ್ರ ಹಿಡಿದಾದ ಸ್ಪೂಲನ್ನು ತೆಗೆದು ಡಬ್ಬಿಗೆ ಹಾಕಿ ಟೇಪು ಸುತ್ತಿ. ಉಳಿದ ಫಿಲ್ಮನ್ನು ಇನ್ನೊಂದು ಖಾಲಿ ಸ್ಪೂಲಿಗೆ, ಕತ್ತಲೆಯಲ್ಲೇ, ಹೊಸದಾಗಿ ಹಾಕಿ. ಕಣ್ಣು ಮುಚ್ಚಿ ಐದು ಸಲ ಎಂದದ್ದು ಈ ರಾತ್ರಿಗಾಗಿ.

ಯಾರಾದರೂ ಅಕಸ್ಮಾತ್ ಹಗಲಲ್ಲಿ ಮುಚ್ಚಳ ತೆಗೆದರೂ ಎಲ್ಲ ಹೋಯಿತು ಎಂದು ಕೂರಬೇಡಿ. ಬಿಗಿಯಾಗಿ ಸುತ್ತಿದ ಸ್ಪೂಲಿನಲ್ಲಿ ಹಾಳಾಗುವುದು ಹೆಚ್ಚಾಗಿ ಹೊರಗಿನ ಸುತ್ತುಗಳು. ತಕ್ಷಣ ಮುಚ್ಚಿ, ಒಳಗಿನದು ಉಳಿಯುತ್ತದೆ.

ಡಬಲ್ 8 ಮತ್ತು ಸೂಪರ್ 8

ಡಬಲ್ 8ರಲ್ಲಿ ಹೆಚ್ಚಿನ ಕ್ಯಾಮೆರಾಗಳಿಗೆ ಸ್ಪ್ರಾಕೆಟ್ ಇರುವುದಿಲ್ಲ, ಕೈಯಿಂದಲೇ ಗೇಟಿನೊಳಗೆ ಜಾರಿಸಿ ಲೂಪು ಬಿಡಬೇಕು. ಬಾಗು ಎಷ್ಟು ಎನ್ನುವುದಕ್ಕೆ ಒಳಗೆ ಗೀಚಿದ ಗೆರೆಯ ಚಿತ್ರ ಇರುತ್ತದೆ, ಅದನ್ನೇ ಅನುಸರಿಸಿ. ಸ್ಪೂಲಿನ ರಂಧ್ರದಲ್ಲಿ ಒಂದು ಬದಿಗೆ ಮೂರು ಕಚ್ಚು, ಇನ್ನೊಂದು ಬದಿಗೆ ನಾಲ್ಕು. ಸ್ಪೂಲು ಕೂರದಿದ್ದರೆ ಒತ್ತಬೇಡಿ, ಮಗುಚಿ ನೋಡಿ. ಮೊದಲ ಸುತ್ತು ಮುಗಿದ ಮೇಲೆ ಮಗುಚುವಾಗಲೂ ನೆರಳು ಬೇಕು. ಅರ್ಧ ಕೆಲಸ ಆಗಿದೆ ಎಂಬ ಸಡಿಲದಲ್ಲಿ ಸ್ಪೂಲು ಕೈಜಾರಿ ಬಿಚ್ಚಿಕೊಳ್ಳುವುದು ಆಗಲೇ.

ಸೂಪರ್ 8ರಲ್ಲಿ ಲೂಪಿನ ಗೋಜಿಲ್ಲ, ಪ್ರೆಶರ್ ಪ್ಲೇಟೂ ಕಾರ್ಟ್ರಿಜ್ಜಿನ ಒಳಗೇ ಉಂಟು. ಹಾಕುವ ಮೊದಲು ಕಾರ್ಟ್ರಿಜ್ಜನ್ನು ಅಂಗೈಗೆ ಮೆಲ್ಲನೆ ಎರಡು ಸಲ ತಟ್ಟಿ, ನಡುವಿನ ಗುಂಬವನ್ನು ಸ್ವಲ್ಪ ತಿರುಗಿಸಿ. ಅದು ಒಂದೇ ದಿಕ್ಕಿಗೆ ತಿರುಗುವಂಥದ್ದು, ಇನ್ನೊಂದು ಕಡೆಗೆ ಬಲ ಹಾಕಬೇಡಿ. ಗೇಟಿನಲ್ಲಿ ಕಾಣುವ ಫಿಲ್ಮಿನ ಮೇಲೆ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, ಹಾಕಿ, ಎರಡು ಸೆಕೆಂಡು ಓಡಿಸಿ ತೆಗೆಯಿರಿ. ಚುಕ್ಕಿ ಹೋಗಿದ್ದರೆ ಫಿಲ್ಮು ಓಡುತ್ತಿದೆ. ಕೌಂಟರ್ ತಿರುಗಿತು ಎಂಬ ಮಾತ್ರಕ್ಕೆ ನಂಬಬೇಡಿ. ಹೀಗೆ ತೆಗೆದರೆ ಕೆಲವೇ ಫ್ರೇಮು ನಷ್ಟ. ಚುಕ್ಕಿ ಅಲ್ಲೇ ಇದ್ದರೆ ಮೊದಲು ಬ್ಯಾಟರಿ ನೋಡಿ. ಸೆಲ್ ಸೋರಿ ಹಸಿರು ಬಿಳಿ ಹುಡಿ ಕಟ್ಟಿದ್ದರೆ ಲಿಂಬೆರಸ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ.

ರೀಲು ಮುಗಿದ ಮೇಲೆ

ಬಾಲ ಪೂರ್ತಿ ಸುತ್ತಿಕೊಳ್ಳುವವರೆಗೆ ಓಡಿಸಿ, ನೆರಳಲ್ಲಿ ತೆರೆದು, ತುದಿಯನ್ನು ಟೇಪಿನಿಂದ ಅಂಟಿಸಿ ಡಬ್ಬಿಗೆ ಹಾಕಿ. ಕ್ಯಾಮೆರಾವನ್ನು ಚರ್ಮದ ಪೆಟ್ಟಿಗೆಯಲ್ಲಿ ಇಡಬೇಡಿ, ಚರ್ಮ ತೇವ ಹೀರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ಅಕ್ಕಿಯಲ್ಲಿ ಹುಗಿದಿಡುವವರಿದ್ದಾರೆ, ಅಕ್ಕಿಯ ಹುಡಿ ನೇರ ಗೇಟಿಗೆ ಹೋಗುತ್ತದೆ. ಇಡುವಾಗ ಸ್ಪ್ರಿಂಗು ಸಡಿಲವಿರಲಿ.

ಓಡುವಾಗ ಎಲ್ಲಾದರೂ ಸಿಕ್ಕಿತ್ತು, ತೂತು ಹರಿದಿರಬಹುದು ಎಂದು ಸಂಶಯ ಇದ್ದರೆ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಲ್ಯಾಬಿಗೆ ಕಳಿಸಿ. ಹರಿದ ಫಿಲ್ಮು ತೊಳೆಯುವ ಯಂತ್ರದ ಒಳಗೆ ತುಂಡಾದರೆ ನಿಮ್ಮ ರೀಲಿನ ಹಿಂದೆ ಬರುತ್ತಿರುವ ಇನ್ನೊಬ್ಬರ ರೀಲೂ ಹಾಳಾಗುತ್ತದೆ.